ಹರಕು ಚಾದರ ಎಂದು ಬರೆದ ಪೆಟ್ಟಿಗೆ

ನನ್ನ ಗಂಡನಿಗೆ ಎರಡು ವಿಷಯದಲ್ಲಿ ಬುದ್ಧಿ ಹೇಳುವ ಹಾಗಿಲ್ಲ. ಒಂದು, ಚಹಾಕ್ಕೆ ಎಷ್ಟು ಸಕ್ಕರೆ ಎನ್ನುವುದು. ಇನ್ನೊಂದು, ಅವರ ಕಂಪ್ಯೂಟರು. ವಿಂಡೋಸ್ ಬದಲು ಲಿನಕ್ಸ್ ಹಾಕಿದ ಹಳೇ ಡಬ್ಬ ಅದು. "ವೈರಸ್ ಬರಂಗಿಲ್ಲ, ಕೆಡಂಗಿಲ್ಲ, ಯಾರ ಹಂಗೂ ಇಲ್ಲ" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಯಾರ ಹಂಗೂ ಇಲ್ಲದ ಆ ಡಬ್ಬದ ಮುಂದೆ ರೇಷ್ಮೆ ಸೀರೆ ಉಟ್ಟು ಕುಳಿತು ನಾನು ನನ್ನ ಊರನ್ನು ಕಳೆದುಕೊಂಡೆ. ಇದನ್ನು ಸಮಾಧಾನದಿಂದ ಬರೆಯಬೇಕು ಎಂದುಕೊಂಡಿದ್ದೆ. ಆಗುತ್ತಿಲ್ಲ.

ನನ್ನದು ವಿಮಾ ಕಚೇರಿಯ ಕೆಲಸ. ಹುಬ್ಬಳ್ಳಿಯಿಂದ ಅಹಮದಾಬಾದಿಗೆ ಹಾಕಿದಾಗ ಮಗಳಿಗೆ ನಾಲ್ಕು ವರ್ಷ. ಅಲ್ಲಿಂದ ವಡೋದರಾ, ವಡೋದರಾದಿಂದ ಸೂರತ್. ಗಂಡ ನನ್ನ ಹಿಂದೆ ಊರೂರು ಬಂದು ಕೆಲಸ ಬದಲಿಸಿದವರು. ಆ ಋಣ ನನಗೆ ನೆನಪಿದೆ, ಅದಕ್ಕೇ ಬಹಳ ಕಡೆ ಬಾಯಿ ಮುಚ್ಚಿಕೊಂಡಿದ್ದೇನೆ. ಊರಿಗೆ ವರ್ಗ ಕೊಡಿ ಎಂದು ಅರ್ಜಿ ಹಾಕಿ ಹಾಕಿ ಸಾಕಾಗಿತ್ತು. ಕೊನೆಗೊಮ್ಮೆ ವರ್ಗಾವಣೆ ಸಮಿತಿಯವರು ವಿಡಿಯೋದಲ್ಲಿ ಮಾತಾಡಲು ಕರೆದರು. ಮಗಳು ಆಗ ಹತ್ತನೇ ಕ್ಲಾಸು. ಆ ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಹೋದರೆ ಅವಳು ಅಲ್ಲೇ ಪಿಯುಸಿ ಸೇರುತ್ತಾಳೆ, ಸೋದರಮಾವಂದಿರ ಮಕ್ಕಳ ಜೊತೆ ಬೆಳೆಯುತ್ತಾಳೆ, ನಮ್ಮ ಹುಡುಗಿಯಾಗುತ್ತಾಳೆ. ತಪ್ಪಿದರೆ ಮುಂದಿನ ಸರದಿ ಮೂರು ವರ್ಷಕ್ಕೆ. ಅಷ್ಟು ಹೊತ್ತಿಗೆ ಅವಳು ಪೂರ್ತಿ ಇಲ್ಲಿಯವಳೇ. ನನಗೆ ಬೇಕಾಗಿದ್ದದ್ದು ಇಷ್ಟೇ, ಮಗಳು ಕೈಬಿಟ್ಟು ಹೋಗಬಾರದು.

ಕರೆದದ್ದು ಸಂಕ್ರಾಂತಿಯ ಮರುದಿನ, ಬೆಳಿಗ್ಗೆ ಹನ್ನೊಂದಕ್ಕೆ. ಸಮಿತಿಯವರು ಕುಳಿತ ಊರಿನಲ್ಲಿ ಅದು ಕೆಲಸದ ದಿನ. ಇಲ್ಲಿ ವಾಸಿ ಉತ್ತರಾಯಣ, ಹಬ್ಬದ ಎರಡನೇ ದಿನ. ನಾವಿರುವ ಅಡಾಜಣ್ ಬಡಾವಣೆಗೆ ಬಡಾವಣೆಯೇ ತಾರಸಿಯ ಮೇಲೆ ಗಾಳಿಪಟ ಹಿಡಿದು ನಿಂತಿರುತ್ತದೆ. ನಮ್ಮ ಕಚೇರಿಗೆ ರಜೆ, ಅಂಗಡಿಗಳಿಗೆ ಬೀಗ. ಫೋನಿನಲ್ಲಿ ಆ ಪುಟ ತೆರೆಯುವುದಿಲ್ಲ, ಕ್ಯಾಮೆರಾ ಇರುವ ಕಂಪ್ಯೂಟರೇ ಬೇಕು ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ನಮ್ಮ ಡಬ್ಬಕ್ಕೆ ಸ್ವಂತ ಕ್ಯಾಮೆರಾ ಇಲ್ಲ. ಮಗಳ ಆನ್‌ಲೈನ್ ಪಾಠಕ್ಕೆಂದು ಅಹಮದಾಬಾದಿನಲ್ಲಿದ್ದಾಗ ತಂದ ಪುಟ್ಟ ಕ್ಯಾಮೆರಾ ಶೋಕೇಸಿನಲ್ಲಿತ್ತು.

"ಇವತ್ತ ಒಂದ್ಸಲ ಹಚ್ಚಿ ನೋಡ್ರಿ" ಎಂದು ಹಿಂದಿನ ದಿನವೇ ಹೇಳಿದ್ದೆ.

"ಲಿನಕ್ಸ್‌ಗೆ ಹಚ್ಚಿದ್ರ ಮುಗೀತು, ತಾನ ಗುರ್ತು ಹಿಡೀತೈತಿ. ನೀ ಚಿಂತಿ ಬಿಡು" ಎಂದು ಇವರು ಗಾಳಿಪಟ ಹಿಡಿದು ಮೇಲೆ ಹೋದರು.

ಮರುದಿನ ಹತ್ತು ಗಂಟೆಗೆ ಹಚ್ಚಿದರು. ಕ್ಯಾಮೆರಾದ ಮೂತಿಯ ಮೇಲೆ ನೀಲಿ ದೀಪ ಹತ್ತಿತು. ಪರದೆಯ ಮೇಲೆ ಮಾತ್ರ ಕಪ್ಪು ಚೌಕ, ಅದರೊಳಗೆ "ಕ್ಯಾಮೆರಾ ಸಿಗಲಿಲ್ಲ" ಎಂಬ ಒಂದು ಸಾಲು.

"ಐದ ನಿಮಿಷ" ಎಂದರು.

ಕಪ್ಪು ಕಿಟಕಿ ತೆರೆದು ಏನೇನೋ ಟೈಪು ಮಾಡಿದರು. ಕಂಪ್ಯೂಟರಿಗೆ ಏನೇನು ಜೋಡಿಸಿದೆ ಎಂದು ಕೇಳುವ ಆಜ್ಞೆಯಂತೆ ಅದು. ಪಟ್ಟಿಯಲ್ಲಿ ಕೀಬೋರ್ಡು ಬಂತು, ಮೌಸು ಬಂತು, ಕ್ಯಾಮೆರಾ ಬರಲಿಲ್ಲ. ಇನ್ನೊಂದು ತೂತಿಗೆ ಚುಚ್ಚಿದರು. ಅನುಮತಿ ಇಲ್ಲವೇನೋ ಎಂದು ಅನುಮತಿ ಕೊಟ್ಟರು. ಬಂದ್ ಮಾಡಿ ಶುರು ಮಾಡಿದರು. ಅಪ್‌ಡೇಟ್ ಹಾಕಿದರು. ಅದು ಹಬ್ಬದೂಟ ಜೀರ್ಣಿಸುವವರ ಹಾಗೆ ನಿಧಾನಕ್ಕೆ ತೆವಳಿತು. ಪ್ರತಿ ಸಲವೂ ಅದೇ ಮಾತು, ಐದ ನಿಮಿಷ.

"ಕೆಳಗಿನ ಮನಿಯವ್ರ ಲ್ಯಾಪ್‌ಟಾಪ್ ತರ್ಲೇನ್ರಿ?"

"ಏ, ಬ್ಯಾಡ! ಅವರ ಮುಂದ ನಮ್ಮ ಮರ್ಯಾದಿ ಏನಾಗ್ಬೇಕು? ಲೈಟ್ ಹತ್ತೇತಿ ನೋಡು, ಅಂದ್ರ ಕ್ಯಾಮೆರಾ ಸರಿ ಐತಿ. ಸಾಫ್ಟ್‌ವೇರಿಂದ ಸ್ವಲ್ಪ ಐತಿ, ಅಷ್ಟ."

ಮರ್ಯಾದೆಯಂತೆ! ಹತ್ತೂ ನಲವತ್ತಕ್ಕೆ ಇವರ ಮಾತು ಕೇಳದೆ ಕೆಳಗಿಳಿದೆ. ಬಾಗಿಲಿಗೆ ಬೀಗ. ನೆಂಟರ ಮನೆಗೆ ನವಸಾರಿಗೆ ಈಗ ತಾನೆ ಹೋದರು ಎಂದ ವಾಚ್‌ಮನ್. ಅರ್ಧ ಗಂಟೆ ಮುಂಚೆ ಹೋಗಿದ್ದರೆ ಸಿಗುತ್ತಿದ್ದರು. ಮೆಟ್ಟಿಲು ಹತ್ತಿ ಬರುವಾಗ ಮೇಲಿನಿಂದ "ಲಪೇಟ್! ಲಪೇಟ್!" ಎಂಬ ಕೂಗು. ಯಾರದೋ ಗಾಳಿಪಟದ ದಾರ ಕಡಿದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಬಂದು ನೋಡುತ್ತೇನೆ, ಕ್ಯಾಮೆರಾಕ್ಕೆ ಸಿಕ್ಕಿಸಿದ ವೈರು ಬಿಳಿಯದು, ತೆಳ್ಳನೆಯದು. ನನ್ನ ಟಾರ್ಚು ಚಾರ್ಜ್ ಮಾಡುವ ವೈರು.

"ರೀ, ಇದರ ಸ್ವಂತದ್ದು ಕರೀ ವೈರ್ ಇತ್ತಲ್ರಿ, ದಪ್ಪಂದು?"

"ವೈರ್ ಯಾವುದಾದ್ರೇನು? ವೈರ್ ತಪ್ಪಿದ್ರ ಲೈಟ್ ಹೆಂಗ ಹತ್ತತಿತ್ತು?"

ನನಗೆ ಲಿನಕ್ಸ್ ಬರುವುದಿಲ್ಲ. ಆದರೆ ಆ ಟಾರ್ಚಿನ ವೈರಿನಿಂದ ಫೋನಿನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಲು ಹೋಗಿ ಒಮ್ಮೆ ಸೋತಿದ್ದೆ. ಕರೆಂಟು ಹೋಗುತ್ತದೆ, ಬೇರೆ ಏನೂ ಹೋಗುವುದಿಲ್ಲ ಅದರಲ್ಲಿ. ಕರೀ ವೈರು ಎಲ್ಲಿದೆ ಎನ್ನುವುದೂ ಗೊತ್ತಿತ್ತು. ಅಟ್ಟದ ಮೇಲೆ, 'ಹರಕು ಚಾದರ' ಎಂದು ಬರೆದ ಪೆಟ್ಟಿಗೆಯಲ್ಲಿ.

ವರ್ಗವಾಗಿ ಊರೂರು ಸುತ್ತುವವರ ಮನೆಯ ಪೆಟ್ಟಿಗೆಗಳ ಕಥೆ ಇದು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿದ್ದಾಗ ನಮ್ಮ ಕಡೆಯ ಬ್ಯಾಂಕಿನವರ ಹೆಂಡತಿಯೊಬ್ಬರು ಹೇಳಿಕೊಟ್ಟಿದ್ದರು: ಸಾಮಾನು ಸಾಗಿಸುವವರಿಗೆ ತಿಳಿಯಬಾರದು, ಪೆಟ್ಟಿಗೆಯ ಮೇಲೆ ಕನ್ನಡದಲ್ಲೇ ಬರೆ, ಅದರಲ್ಲೂ ಸುಳ್ಳು ಬರೆ. ಹಾಗಾಗಿ ದೇವರ ಮುಂದೆ ಹಚ್ಚುವ ನಮ್ಮ ಬೆಳ್ಳಿ ಸಮೆ 'ಹಳೇ ಪೇಪರ್', ರೇಷ್ಮೆ ಸೀರೆಗಳು 'ತೆಂಗಿನ ಚಿಪ್ಪು', ಕರೆಂಟಿನ ಸಾಮಾನುಗಳು 'ಹರಕು ಚಾದರ'. ಸೂರತ್ತಿಗೆ ಬಂದು ಎರಡು ವರ್ಷವಾದರೂ ಅರ್ಧ ಪೆಟ್ಟಿಗೆ ಬಿಚ್ಚಿರಲಿಲ್ಲ. ಇನ್ನೇನು ಊರಿಗೆ ಹೋಗುತ್ತೇವಲ್ಲ, ಯಾಕೆ ಬಿಚ್ಚುವುದು ಎಂದು.

ನಮ್ಮ ಅಟ್ಟ ಬಚ್ಚಲಿನ ಮೇಲಿನ ಕಿರಿದಾದ ಗೂಡು. ಇವರ ಹೊಟ್ಟೆ ಅದರೊಳಗೆ ಹಿಡಿಯುವುದಿಲ್ಲ, ನನ್ನ ಮೊಣಕಾಲು ಸ್ಟೂಲು ಹತ್ತುವುದಿಲ್ಲ. ಮಗಳನ್ನು ಹತ್ತಿಸಿದೆ. ಆಗ ಹನ್ನೊಂದಕ್ಕೆ ಐದು ನಿಮಿಷ.

"ಹರಕು ಚಾದರ ಅಂತ ಬರ್ದಿದ್ದು ತಳ್ಳು ಈ ಕಡೆ!"

ಮೇಲೆ ಪೆಟ್ಟಿಗೆ ಸರಿಸುವ ಸದ್ದು ಕೇಳಿತು.

"ಕಾಣ್ತೇನ?"

"ಅಮ್ಮಾ, ಸಬ್ ಬಾಕ್ಸ್ ಮ್ಯಾಲೆ ಕನ್ನಡ ಐತಿ."

"ಹೌದು, ಅದರಾಗ ಹರಕು ಚಾದರ ಯಾವ್ದೈತಿ ನೋಡು!"

"ಮುಝೆ ಪಢನಾ ನಹೀಂ ಆತಾ, ಅಮ್ಮಾ."

ಓದಲು ಬರುವುದಿಲ್ಲವಂತೆ! ಒಂದು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಮನೆಯಲ್ಲಿ ಅರೆಬರೆಯಾದರೂ ಕನ್ನಡ ಆಡುವ ಹುಡುಗಿ. "ಮೊದಲ್ನೇ ಅಕ್ಷರ ಹ!" ಎಂದು ಕೂಗಿದೆ. "ಹ ಕೈಸಾ ಹೋತಾ ಹೈ?" ಎಂದಳು. ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದೆ, ಅವಳಿಗೆ ಕಾಣಲಿಲ್ಲ. ಒಂದು ಪೆಟ್ಟಿಗೆ ತಳ್ಳಿದಳು, 'ಹಳೇ ಪೇಪರ್'. ಇನ್ನೊಂದು ತಳ್ಳಿದಳು, 'ಹುಣಸೇಹಣ್ಣು'. ಬಿಚ್ಚಿದರೆ ಇವರ ಹಳೇ ಬೂಟು. ಫೋಟೋ ಹೊಡೆದು ತೋರಿಸು ಎನ್ನುವ ಬುದ್ಧಿ ಮೂವರಲ್ಲಿ ಒಬ್ಬರಿಗಾದರೂ ಬರಬೇಕಲ್ಲ! ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಕೊನೆಗೆ ಸೀರೆ ಎತ್ತಿ ಕಟ್ಟಿ, ಮೊಣಕಾಲು ಹಾಳಾಗಿ ಹೋಗಲಿ ಎಂದು ನಾನೇ ಹತ್ತಿದೆ. ತಲೆ ಒಳಗೆ ಹಾಕಿದ ಕೂಡಲೇ ಕಂಡಿತು. ಅವಳ ಮಂಡಿಗೆ ತಾಗಿಕೊಂಡೇ ಇತ್ತು.

ಕರೀ ವೈರು ಸಿಕ್ಕಿಸಿದಾಗ ಹನ್ನೊಂದೂ ಹದಿನಾಲ್ಕು. ಕಪ್ಪು ಕಿಟಕಿಯ ಪಟ್ಟಿಯಲ್ಲಿ ಹೊಸದೊಂದು ಸಾಲು ಮೂಡಿತು.

"ಬಂತು!" ಎಂದು ಇವರು ತೊಡೆ ತಟ್ಟಿದರು. "ನೋಡಿದಿ? ಲಿನಕ್ಸಿಂದ ಏನೂ ತಪ್ಪಿರ್ಲಿಲ್ಲ!"

ಆ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಪರದೆಯ ಮೇಲೆ ನನ್ನ ಮುಖ ಬಂದಿತ್ತು, ಹುಬ್ಬಿನ ಮೇಲೆ ಜೇಡರ ಬಲೆ. ಸಮಿತಿಯ ಪುಟ ತೆರೆದರೆ, ನಿಮಗೆ ಕೊಟ್ಟ ಹತ್ತು ನಿಮಿಷ ಮುಗಿದಿದೆ ಎಂದಿತು. ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಮಧ್ಯಾಹ್ನ ಎರಡಕ್ಕೆ ಮೇಲ್ ಬಂತು: ಗೈರುಹಾಜರಾದ ಕಾರಣ ಅರ್ಜಿ ಮುಕ್ತಾಯವಾಗಿದೆ, ಮುಂದಿನ ಸರದಿಯಲ್ಲಿ ಹಾಕಿಕೊಳ್ಳಬಹುದು. ನಾನು ಜೋರಾಗಿ ಓದಿದೆ. ಇವರು ಚಹಾ ಮಾಡಲು ಎದ್ದು ಹೋದರು. ನನಗೆ ಅವರ ಚಹಾ ಬೇಕಿರಲಿಲ್ಲ.

ಮಗಳು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಗಾಳಿಪಟದ ದಾರದ ಉರುಳೆ.

"ಅಮ್ಮಾ, ನಾ ಉಪರ್ ಹೋಗ್ಲಾ?"

ಅವಳ ಮುಖ ನೋಡಿದೆ. ಹೆತ್ತವಳಿಗೆ ತಿಳಿಯದ ಮುಖವೇ ಅದು?

"ನಿನಗ ಖುಷಿ ಆತೇನ?"

ಅವಳು ಸುಳ್ಳು ಹೇಳಲಿಲ್ಲ. "ಥೋಡಾ ಆತು" ಎಂದಳು. ಆಮೇಲೆ ಕಣ್ಣು ತುಂಬಿಕೊಂಡು, "ಅಲ್ಲಿ ಬಸ್ ಬೋರ್ಡ್ ಭೀ ಓದಾಕ ಬರಂಗಿಲ್ಲ ನನಗ. ನೀ ಯಾವಾಗ ಕಲಿಸಿದಿ, ಅಮ್ಮಾ?" ಎಂದಳು.

ಕಲಿಸಿರಲಿಲ್ಲ. ಊರಿಗೆ ಹೋದ ಮೇಲೆ ತಾನಾಗಿಯೇ ಬರುತ್ತದೆ ಎಂದು, ಆ ಪೆಟ್ಟಿಗೆಗಳ ಹಾಗೇ, ಅದನ್ನೂ ಬಿಚ್ಚದೆ ಇಟ್ಟಿದ್ದೆ. ಒಂದು ಸ್ಲೇಟು ಕೊಡಿಸಿ ನಾಲ್ಕಕ್ಷರ ತಿದ್ದಿಸಲು ಹನ್ನೊಂದು ವರ್ಷದಲ್ಲಿ ನನಗೆ ಒಂದು ಭಾನುವಾರ ಸಿಕ್ಕಿರಲಿಲ್ಲ.

ಹೋಗು ಎಂದೆ. ಹೋದಳು. ನಾನು ಬಿಚ್ಚಿ ಹರಡಿದ ಸಾಮಾನುಗಳ ನಡುವೆ ಕುಳಿತು, ರಟ್ಟಿನ ಮೇಲಿನ ನನ್ನದೇ ದುಂಡು ಅಕ್ಷರ ನೋಡಿದೆ. ಹೊರಗಿನವರು ಓದಬಾರದು ಎಂದು ಬರೆದದ್ದು. ನನ್ನ ಮಗಳಿಗೂ ಅದನ್ನು ಓದಲು ಬರುತ್ತಿರಲಿಲ್ಲ.