ಲಾ ಪಾಜ್‌ಗೆ ಹೋಗದ ಎರಡು ಪೆಟ್ಟಿಗೆ

ಕಳೆದ ಶನಿವಾರ ನಮ್ಮ ಮನೆಯ ಗೋಡೆಯ ಮೇಲೆ ನನ್ನ ಗಂಡನ ತುಟಿ ನೀಲಿಯಾಗಿತ್ತು. ಹಾಲ್ ತುಂಬ ಡಾಕ್ಟರುಗಳು. ಎಲ್ಲರಿಗೂ ಅದು ಕಂಡಿತು, ಒಬ್ಬರನ್ನು ಬಿಟ್ಟು. ಆ ಒಬ್ಬರು ಪಕ್ಕದಲ್ಲೇ ನಿಂತು ಸ್ಲೈಡ್ ಪ್ರೊಜೆಕ್ಟರಿನ ಗುಂಡಿ ಒತ್ತುತ್ತಿದ್ದರು.

ಹೆದರಬೇಡಿ. ಮನುಷ್ಯ ಚೆನ್ನಾಗಿದ್ದಾರೆ. ನಾನು ಇದನ್ನು ಬರೆಯುವಾಗ ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದಾರೆ.

ಆಸ್ಟ್ರೇಲಿಯಾದ ಪರ್ತ್‌ನ ಕನ್ನಡ ಡಾಕ್ಟರುಗಳಲ್ಲಿ ಒಂದು ಪದ್ಧತಿ ಇದೆ. ಯಾರೇ ದೂರದೇಶಕ್ಕೆ ಹೋಗಿಬರಲಿ, ಒಂದು ಶನಿವಾರ ಎಲ್ಲರನ್ನೂ ಕರೆದು ಸ್ಲೈಡ್ ತೋರಿಸಲೇಬೇಕು. ಕರ್ಟನ್ ಎಳೆದು, ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಮೊದಲು ಸ್ಲೈಡು, ಆಮೇಲೆ ಬಿಸಿಬೇಳೆಬಾತು. (ಬಾತು ಮೊದಲು ಬಡಿಸಿದರೆ ಸ್ಲೈಡಿಗೆ ಯಾರೂ ಉಳಿಯುವುದಿಲ್ಲ. ಅನುಭವದಿಂದ ಹೇಳುತ್ತಿದ್ದೇನೆ.)

ಈ ಸಲ ಸರದಿ ನಮ್ಮದು. ಇವರು, ಅಂದರೆ ನಮ್ಮ ಪ್ರಭಾಕರ್, ಆಪರೇಷನ್‌ಗೆ ಮುಂಚೆ ಪ್ರಜ್ಞೆ ತಪ್ಪಿಸುವ ಅನೆಸ್ತೀಷಿಯಾ ಡಾಕ್ಟರು. ದಿನವಿಡೀ ಇನ್ನೊಬ್ಬರ ಉಸಿರು ಕಾಯುವುದೇ ಕೆಲಸ. ಎರಡು ವಾರ ದಕ್ಷಿಣ ಅಮೆರಿಕದ ಬೊಲಿವಿಯಾಕ್ಕೆ, ಲಾ ಪಾಜ್ ಎಂಬ ಊರಿಗೆ ಹೋಗಿಬಂದಿದ್ದರು. ತೆಳುಗಾಳಿಯಲ್ಲಿ ಬದುಕುವ ಜನರ ರಕ್ತ, ಶ್ವಾಸಕೋಶ ಅಭ್ಯಾಸ ಮಾಡಲು ಒಂದು ವರ್ಷಕ್ಕೆ ಬನ್ನಿ ಎಂದು ಅಲ್ಲಿನ ಆಸ್ಪತ್ರೆಯವರು ಕರೆದಿದ್ದರು. ಸೋಮವಾರ ಉತ್ತರ ಹೇಳಬೇಕಿತ್ತು. ಹೋಗುವುದಾದರೆ ಸಂಸಾರ ಸಮೇತ.

ನನಗೆ ಬೇಡವಾಗಿತ್ತು. ಸುತ್ತಿ ಬಳಸಿ ಹೇಳುವುದೇಕೆ? ಮದುವೆಯಾಗಿ ಬಂದದ್ದು ಅಡಿಲೇಡ್‌ಗೆ. ಅಲ್ಲಿ ನಾಲ್ಕು ಜನ ಪರಿಚಯವಾಗುವಷ್ಟರಲ್ಲಿ ಬ್ರಿಸ್ಬೇನ್. ಅಲ್ಲಿ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿ ನಾನು ನೆಟ್ಟ ಕರಿಬೇವು ನನ್ನೆತ್ತರ ಬೆಳೆಯುವಷ್ಟರಲ್ಲಿ ಪರ್ತ್. ಗಿಡ ತರೋಣವೆಂದರೆ, ಈ ರಾಜ್ಯದೊಳಗೆ ಹೊರಗಿನ ಗಿಡ ಬಿಡುವುದಿಲ್ಲ. (ನಮ್ಮನ್ನು ಬಿಟ್ಟದ್ದೇ ದೊಡ್ಡದು.) ಈಗ ನಮ್ಮ ಬಡಾವಣೆ ವಿಲೆಟನ್‌ನ ಹೈಸ್ಕೂಲಿನಲ್ಲಿ ಮಗಳು ಅನುಗೆ ಮೊದಲ ಸಲ ಒಬ್ಬಳು ಗೆಳತಿ ಸಿಕ್ಕಿದ್ದಾಳೆ. ಬ್ರಿಸ್ಬೇನಿನಿಂದ ಬಂದ ಎರಡು ರಟ್ಟಿನ ಪೆಟ್ಟಿಗೆ ಗ್ಯಾರೇಜಿನಲ್ಲಿ ಇನ್ನೂ ಬಿಚ್ಚದೆ ಕೂತಿವೆ.

ಇವರು ಮಾತ್ರ, ಒಂದೇ ವರ್ಷ ಕಣೇ, ಅನ್ನುತ್ತಿದ್ದರು. ನಮ್ಮ ಊರುಗಳೆಲ್ಲ ಒಂದೇ ವರ್ಷ ಅಂತಲೇ ಶುರುವಾದದ್ದು. ಅಲ್ಲಿ ಆರೋಗ್ಯ ಹೇಗಿತ್ತು ಅಂದದ್ದಕ್ಕೆ, ಸ್ವಲ್ಪ ತಲೆನೋವು, ಅಷ್ಟೆ ಅಂದಿದ್ದರು.

ಸ್ಲೈಡಿನಲ್ಲಿ ಊರೇನೋ ನೋಡುವ ಹಾಗಿದೆ, ಸುಳ್ಳು ಹೇಳಬಾರದು. ಒಂದು ದೊಡ್ಡ ಬೋಗುಣಿ ಅಂದುಕೊಳ್ಳಿ. ಬೋಗುಣಿಯ ಅಂಚಿನ ಮೇಲೆ ಏರ್‌ಪೋರ್ಟು, ಒಳಗೆ ಊರು. ವಿಮಾನ ಇಳಿದ ಮೇಲೆ ಟ್ಯಾಕ್ಸಿ ಹತ್ತಿ ಇನ್ನೂ ಕೆಳಗೆ ಇಳಿಯಬೇಕು. ಹಾಗೆ ಇಳಿದರೂ ನೀವಿರುವುದು ಸುಮಾರು ಹನ್ನೆರಡು ಸಾವಿರ ಅಡಿಯ ಮೇಲೆ. ಚಾಮುಂಡಿ ಬೆಟ್ಟದಂಥವು ಮೂರನ್ನು ಒಂದರ ಮೇಲೊಂದು ಇಟ್ಟರೂ ಸಾಲದು. ಬೋಗುಣಿಯ ಒಳಮೈಗೆ ಅಂಟಿಕೊಂಡ ಇಟ್ಟಿಗೆ ಮನೆಗಳು, ಏಣಿಯಷ್ಟು ಕಡಿದಾದ ರಸ್ತೆಗಳು, ಹಿಂದೆ ಹಿಮ ಹೊದ್ದ ಇಲ್ಲಿಮಾನಿ ಪರ್ವತ. (ಕಾಗದದ ಮೇಲೆ ಆ ದೇಶದ ರಾಜಧಾನಿ ಸುಕ್ರೆ ಎಂಬ ಬೇರೆ ಊರಂತೆ. ಸರ್ಕಾರ ಕೂತಿರುವುದು ಲಾ ಪಾಜ್‌ನಲ್ಲಿ. ಅದಕ್ಕೂ ಒಂದು ಕಡೆ ನಿಲ್ಲಲಾಗದ ಕಾಯಿಲೆ ಇರಬೇಕು.)

ಬೇರೆ ಊರುಗಳಲ್ಲಿ ದುಡ್ಡು ಬಂದವರು ಗುಡ್ಡದ ಮೇಲೆ ಮನೆ ಕಟ್ಟುತ್ತಾರೆ. ಲಾ ಪಾಜ್‌ನಲ್ಲಿ ಕೆಳಗೆ ಇಳಿಯುತ್ತಾರೆ. ಕೆಳಗೆ ಚಳಿ ಕಡಿಮೆ, ಗಾಳಿ ಜಾಸ್ತಿ. ಬಡವರು ಮೇಲೆ, ಅಂಚಿನಲ್ಲಿ. ಉಸಿರಾಡುವ ಗಾಳಿಯಲ್ಲೂ ಹೀಗೆ ಪಾಲು ಮಾಡಬಹುದು ಅಂತ ನಿಮಗೆ ಗೊತ್ತಿತ್ತೇ?

ಅಲ್ಲಿ ನೀರು ಬೇಗ ಕುದಿಯುತ್ತದಂತೆ, ಆದರೆ ಬೇಳೆ ಬೇಯುವುದಿಲ್ಲ. ಕುಕ್ಕರ್ ಇಲ್ಲದೆ ಅಡುಗೆಯೇ ಇಲ್ಲ. ಕತ್ತಲಲ್ಲಿ ಕೂತು ನಾನು, ಕುಕ್ಕರಿನ ಗ್ಯಾಸ್ಕೆಟ್ ಎಷ್ಟು ಒಯ್ಯಬೇಕಾದೀತು ಅಂತ ಯೋಚಿಸುತ್ತಿದ್ದೆ. (ಬೇಡ ಅನ್ನುವವಳ ಮನಸ್ಸು ನೋಡಿ.)

ಊರು ನೋಡುತ್ತಿದ್ದವಳು ನಾನೊಬ್ಬಳೇ. ಡಾಕ್ಟರುಗಳು ನೋಡುತ್ತಿದ್ದದ್ದು ರೋಗಿಗಳನ್ನು. ತಲೆಯ ಮೇಲೆ ಗುಂಡು ಹ್ಯಾಟ್ ಇಟ್ಟುಕೊಂಡು ಆಲೂಗಡ್ಡೆ ಮಾರುವ ಹೆಂಗಸು ಬಂದಳು. ಎಷ್ಟು ಚೆಂದದ ಕೆಂಪು ಕೆನ್ನೆ ಅಂತ ನಾನು ಅಂದುಕೊಂಡರೆ, ಎದೆರೋಗದ ಡಾಕ್ಟರ್ ರಫೀಕ್, ರಕ್ತ ಗಟ್ಟಿಯಾಗಿದೆ ಅಂದರು. ಚರ್ಚಿನ ಚಿತ್ರ ಬಂತು. ಚರ್ಚನ್ನು ಬಿಟ್ಟು ಮೆಟ್ಟಿಲ ಮೇಲೆ ಕೂತ ಮುದುಕನ ಕಾಲಿನ ಊತದ ಬಗ್ಗೆ ಚರ್ಚೆಯಾಯಿತು. ಈ ಜನವನ್ನು ಮದುವೆಗೆ ಕರೆದರೂ ಅಷ್ಟೆ, ಮದುಮಗಳ ಸರ ನೋಡುವುದಿಲ್ಲ, ಅದರ ಹಿಂದಿನ ಥೈರಾಯ್ಡ್ ನೋಡುತ್ತಾರೆ.

ಇವರಿಗೂ ಹುರುಪು. ಪ್ರತಿ ಸ್ಲೈಡಿಗೂ, ಹೇಳಿ, ಇವನಿಗೇನು? ಅಂತ ಕೇಳುತ್ತಾ ಗುಂಡಿ ಒತ್ತುತ್ತಿದ್ದರು.

ಆಗ ಆ ಸ್ಲೈಡ್ ಬಂತು. ಕಡಿದಾದ ರಸ್ತೆಯ ನಡುವೆ ಕಂಬಿ ಹಿಡಿದು ನಿಂತ ಒಬ್ಬ ಮನುಷ್ಯ. ಮಾತಿನ ಭರದಲ್ಲಿದ್ದ ರಫೀಕ್, ತುಟಿ ನೀಲಿ, ಭುಜ ಎತ್ತಿ ಉಸಿರು ಎಳೀತಿದಾನೆ, ಅಂತ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಆ ಮನುಷ್ಯ ಹಾಕಿಕೊಂಡಿದ್ದು ನಾನು ಹೆಣೆದ ಸ್ವೆಟರು.

ನಮ್ಮಲ್ಲೆಲ್ಲ ಹಿರಿಯರಾದ, ಕ್ಯಾನಿಂಗ್ಟನ್‌ನಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರ್ ಸುಲೋಚನಾ ಆಂಟಿ ಕನ್ನಡಕ ಸರಿಮಾಡಿಕೊಂಡು, ಇದು ಎಷ್ಟನೇ ದಿನ ಅಂತ ಕೇಳಿದರು. ನಾಲ್ಕನೇ ದಿನ, ಸ್ವಲ್ಪ ಕೆಮ್ಮಿತ್ತು, ಹೋಟೆಲಿನವರು ಆಕ್ಸಿಜನ್ ಕೊಟ್ಟರು, ಅವರು ಎಲ್ಲರಿಗೂ ಕೊಡ್ತಾರೆ, ಅಂದರು ಇವರು.

"ಪ್ರಭಾಕರ, ಈ ಪೇಷೆಂಟ್ ನಿನ್ನ ಹತ್ರ ಬಂದಿದ್ರೆ ಏನ್ ಮಾಡ್ತಿದ್ದೆ?" ಅಂದರು ಆಂಟಿ.

ಇವರು ಬೆಡ್‌ಶೀಟಿನ ಕಡೆ ತಿರುಗಿ ತಮ್ಮನ್ನೇ ನೋಡಿಕೊಂಡರು.

"ಅವತ್ತೇ ಕೆಳಗೆ ಕಳಿಸ್ತಿದ್ದೆ, ಮೇಡಂ. ಮತ್ತೆ ಹತ್ತೋಕೆ ಬಿಡ್ತಿರಲಿಲ್ಲ."

ನನಗೆ ಸಿಟ್ಟು ಬಂತು, ಎಂಥ ಸಿಟ್ಟು ಅಂದರೆ ಬಾತಿಗೆ ಒಗ್ಗರಣೆ ಹಾಕುವುದನ್ನೇ ಮರೆತೆ. ಕಂಡವರ ಉಸಿರೆಲ್ಲ ಎಣಿಸುವ ಮನುಷ್ಯ, ತನ್ನ ಉಸಿರು ನಿಲ್ಲುತ್ತಿದ್ದಾಗ ಕ್ಯಾಮೆರಾಕ್ಕೆ ನಗುತ್ತಾ ನಿಂತಿದ್ದರು. ಅದೇ ಊರಿಗೆ ನನ್ನನ್ನೂ ಮಗಳನ್ನೂ ಕರೆದೊಯ್ಯಲು ಹೊರಟಿದ್ದರು.

ಅಷ್ಟರಲ್ಲಿ ನೆಲದ ಮೇಲೆ ಕೂತಿದ್ದ ಅನು ಕೇಳಿದಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಡ್ಯಾಡ್, ವಾಟ್ಸ್ ರಾಂಗ್ ವಿತ್ ದಿ ಏರ್ ಹಿಯರ್?"

ಇಲ್ಲಿಯ ಗಾಳಿಗೆ ಏನಾಗಿದೆ? ವಿಲೆಟನ್ ಸಮತಟ್ಟು ನೆಲ. ಬೇಸಿಗೆಯ ಮಧ್ಯಾಹ್ನ ಸಮುದ್ರದಿಂದ ತಂಪು ಗಾಳಿ ಬೀಸುತ್ತದೆ, ಇಲ್ಲಿಯವರು ಅದಕ್ಕೆ ಡಾಕ್ಟರ್ ಅಂತಲೇ ಹೆಸರಿಟ್ಟಿದ್ದಾರೆ. ಇಷ್ಟಿದ್ದೂ ಎಲ್ಲರೂ ತಟ್ಟೆ ಹುಡುಕಿಕೊಂಡು ಎದ್ದರು. ರಫೀಕ್ ಇಲ್ಲಿಗೆ ಬರುವ ಮೊದಲು ಮೂರು ಊರು ಬದಲಿಸಿದವರು. ಸುಲೋಚನಾ ಆಂಟಿ ಇಂಗ್ಲೆಂಡ್ ನೋಡಿ, ಸಾಕೆನಿಸಿ ಬಂದವರು. ಎಲ್ಲರೂ ಬಾತು ತಿಂದರು. ಒಗ್ಗರಣೆ ಇಲ್ಲದ ಮಾತನ್ನೂ ಯಾರೂ ಎತ್ತಲಿಲ್ಲ.

ಸೋಮವಾರ ಇವರು ಫೋನ್ ಮಾಡಿ ಬರುವುದಿಲ್ಲ ಅಂದರು. ಅವತ್ತು ಆರ್ವೋ, ಅಂದರೆ ಇಲ್ಲಿಯವರ ಮಧ್ಯಾಹ್ನ, ಸ್ಕೂಲಿಂದ ಬಂದ ಅನು ಯಾರನ್ನೂ ಕೇಳದೆ ಗ್ಯಾರೇಜಿಗೆ ಹೋಗಿ ಎರಡೂ ಪೆಟ್ಟಿಗೆ ಬಿಚ್ಚಿದಳು. ಒಂದು ಇಡ್ಲಿ ಸ್ಟ್ಯಾಂಡು, ಇವರ ಹಳೇ ಜರ್ನಲ್‌ಗಳು, ಬ್ರಿಸ್ಬೇನ್ ಸ್ಕೂಲಿನ ಅವಳ ಟೋಪಿ. ಟೋಪಿ ತಲೆಗೆ ಹಿಡಿಸಲಿಲ್ಲ. ಆದರೂ ಅದನ್ನು ತನ್ನ ರೂಮಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದಳು.

ನಾನು ಗೆದ್ದೆ. ಸಂತೋಷವಾಗಿರಬೇಕು, ಅಲ್ಲವೇ? ಆದರೆ ಅವತ್ತಿನಿಂದ ಮನೆಯೊಳಗೆ ಸುಮ್ಮಸುಮ್ಮನೆ ಓಡಾಡುತ್ತಿದ್ದೇನೆ. ಗುರುವಾರ ತರಕಾರಿಗೆ ಹೋದವಳು ಕ್ಯಾನಿಂಗ್ಟನ್‌ನ ಟ್ರಾವೆಲ್ ಏಜೆಂಟ್ ಅಂಗಡಿಯ ಗಾಜಿನ ಮುಂದೆ ನಿಂತುಬಿಟ್ಟಿದ್ದೆ, ಚೀಲದಲ್ಲಿದ್ದ ಐಸ್‌ಕ್ರೀಮ್ ಕರಗುವವರೆಗೂ.

ಖಾಲಿ ಪೆಟ್ಟಿಗೆಗಳನ್ನು ಕಸಕ್ಕೆ ಹಾಕು ಅಂತ ಇವರು ನಿನ್ನೆಯೂ ಹೇಳಿದರು. ಆಯ್ತು ಅಂದೆ. ಅಂದು, ಚೆನ್ನಾಗಿ ಮಡಚಿ, ಬೀರುವಿನ ಹಿಂದೆ ಇಟ್ಟಿದ್ದೇನೆ.

ಒಳ್ಳೇ ಗಟ್ಟಿ ರಟ್ಟು. ನಾಳೆ ಬೇಕು ಅಂದರೆ ಎಲ್ಲಿ ಹುಡುಕೋಣ, ನೀವೇ ಹೇಳಿ?