ಡೆಲ್ಮರನ ಎಡಗಿವಿ

ಏ, ಓಯ್! ಪೆಟ್ರೋಲ್ ಬಂಕಿನ ಕಟ್ಟೆ ಮೇಲೆ ಕೂತಿರೋರೇ, ಆ ಕಾಫಿ ಲೋಟ ಕೆಳಗಿಟ್ಟು ಇತ್ತ ಬನ್ರೋ! ಟರ್ಕಿ ಕೋಳಿ ಬೇಟೆಯ ಕೊನೇ ದಿನ ನಮ್ಮ ಡೆಲ್ಮರ್ ಪ್ರೂಯಿಟ್ ಕಾಡಲ್ಲಿ ಕೂತು ಮುಕ್ಕಾಲು ಗಂಟೆ ಯಾರ ಜೊತೆ ಜಗಳ ಆಡಿದ ಗೊತ್ತಾ? ಗೊತ್ತಿಲ್ಲ ತಾನೇ? ಹಾಗಾದ್ರೆ ಬಾಯಿ ಮುಚ್ಕೊಂಡು ಕೇಳಿ.

ಡೆಲ್ಮರನಿಗೆ ಅರವತ್ತೊಂದು. ಈ ಓಝಾರ್ಕ್ ಗುಡ್ಡಗಳ ಸಂದಿಯಲ್ಲಿರುವ ಕೋಳಿ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ರಾತ್ರಿ ಪಾಳಿ. ಕಿವಿಗಡಚಿಕ್ಕುವ ಯಂತ್ರಗಳ ನಡುವೆ ನಿಂತು ನೀರು ಹೊಡೆದು ತೊಳೆಯುವ ಕೆಲಸ. ರಾತ್ರಿಯೆಲ್ಲ ಸತ್ತ ಕೋಳಿಗಳ ಸೇವೆ. ವಸಂತ ಬಂತೆಂದರೆ ಬೆಳಗಿನ ಹೊತ್ತು ಬದುಕಿರುವ ಕಾಡು ಟರ್ಕಿಯ ಬೆನ್ನು ಹತ್ತುವುದು. "ಕೋಳಿ ಬಿಟ್ರೆ ನಿಂಗೆ ಇನ್ನೊಂದು ದೇವ್ರಿಲ್ಲ" ಎಂದು ಹೆಂಡತಿ ಓಪಲ್ ಬೈಯುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಅವನ ಎಡಗಿವಿ ಪೂರ್ತಿ ಹೋಯಿತು. ಯಾರಿಗೂ ಹೇಳಲಿಲ್ಲ. ಮಾತಿಗೆ, ಸಂತೆಗೆ, ಸಂಬಳಕ್ಕೆ ಒಂದು ಕಿವಿ ಸಾಕು. ಬೇಟೆಗೆ ಸಾಲದು. ನಸುಕಿನಲ್ಲಿ ಗೂಬೆಯಂತೆ ಕೂಗಿದರೆ ಮರದ ಮೇಲೆ ಮಲಗಿದ್ದ ಟರ್ಕಿ ಹುಂಜ ರೋಷ ತಡೆಯಲಾರದೆ ಗಳಗಳಗಳ ಎಂದು ಉತ್ತರ ಕೊಡುತ್ತದೆ. ಎರಡು ಕಿವಿ ಇದ್ದವನಿಗೆ ಆ ಒಂದು ಕೂಗಿನಲ್ಲೇ ಯಾವ ದಿಣ್ಣೆ, ಯಾವ ಓಕ್ ಮರ ಎಂದು ತಿಳಿದುಬಿಡುತ್ತದೆ. ಒಂದೇ ಕಿವಿ ಇದ್ದವನಿಗೆ ಕೂಗು ಕೇಳುತ್ತದೆ, ದಿಕ್ಕು ಕೇಳುವುದಿಲ್ಲ. ಎಲ್ಲವೂ ಬಲಗಡೆಯಿಂದಲೇ ಬಂದಂತೆ. ಸರ್ಕಾರ ಬೇಟೆಗೆ ಬಿಟ್ಟ ಮೂರು ವಾರದಲ್ಲಿ ಡೆಲ್ಮರ್ ದಿನವೂ ಬಲಕ್ಕೆ ಹತ್ತಿದ. ಹುಂಜ ದಿನವೂ ಎಡಗಡೆ ದಿಣ್ಣೆಯಿಂದ ಇಳಿದು ತನ್ನ ಪಾಡಿಗೆ ಹೋಯಿತು.

ಅದಕ್ಕೇ ಆ ಕೊನೆಯ ಭಾನುವಾರ, ಪಾಳಿ ಮುಗಿಸಿ ನಿದ್ದೆಯಿಲ್ಲದ ಕಣ್ಣಿನಲ್ಲೇ ಗಾಡಿ ಹತ್ತುವಾಗ, ಅವನು ತನಗೆ ತಾನೇ ಹೇಳಿಕೊಂಡಿದ್ದ: ಇವತ್ತು ಮಧ್ಯಾಹ್ನ ಒಂದಕ್ಕೆ ಬೇಟೆಯ ಗಡುವು ಮುಗಿಯುವುದರೊಳಗೆ ಒಂದು ಹುಂಜವನ್ನಾದರೂ ನಾನೊಬ್ಬನೇ ಹುಡುಕಬೇಕು. ಆಗದಿದ್ದರೆ ಇನ್ನು ಒಬ್ಬನೇ ಕಾಡಿಗೆ ಬರಬಾರದು.

ಬೆಳಗಿನ ಹೊತ್ತು ಬರಿದೇ ಕಳೆಯಿತು. ಹನ್ನೊಂದರ ಸುಮಾರಿಗೆ ದೊಡ್ಡ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತ. ಮೊಣಕಾಲು ನೋಯುತ್ತಿತ್ತು, ರೆಪ್ಪೆ ಎಳೆಯುತ್ತಿತ್ತು. ಜೇಬಿನಿಂದ ಎಲುಬಿನ ಪೀಪಿ ತೆಗೆದ. ಮದುವೆಯಾದ ವರ್ಷ ಹೊಡೆದ ಹೇಂಟೆಯ ರೆಕ್ಕೆಯ ಮೂರು ಮೂಳೆ ಜೋಡಿಸಿ ಮಾಡಿದ್ದು. ಅವನ್ನು ಕುದಿಸಿ ತೊಳೆದುಕೊಟ್ಟವಳು ಓಪಲ್. ತುಟಿಗಿಟ್ಟು ಮುತ್ತು ಕೊಡುವ ಹಾಗೆ ಉಸಿರೆಳೆದರೆ ಹೇಂಟೆಯ ದನಿ ಬರುತ್ತದೆ. ಎಳೆದ.

ತಕ್ಷಣ ಇನ್ನೊಂದು ಹೇಂಟೆ ಉತ್ತರ ಕೊಟ್ಟಿತು.

ಡೆಲ್ಮರನಿಗೆ ನಿದ್ದೆ ಹಾರಿಹೋಯಿತು. ಹೇಂಟೆ ಇದ್ದಲ್ಲಿ ಹುಂಜ ಇದ್ದೇ ಇರುತ್ತದೆ. ಅವಳನ್ನು ಕೆಣಕಿ ಸಿಟ್ಟು ಬರಿಸಿದರೆ 'ಯಾರವಳು ನನ್ನ ಜಾಗದಲ್ಲಿ' ಎಂದು ಜಗಳಕ್ಕೆ ಬರುತ್ತಾಳೆ, ಹಿಂದೆ ಗಂಡನೂ ಬರುತ್ತಾನೆ. ಡೆಲ್ಮರ್ ಕೆಣಕಿದ. ಅವಳು ಎರಡರಷ್ಟು ಬೈದಳು. ಇವನು ಮಾತು ಮುಗಿಯಲು ಬಿಡದೆ ಅಡ್ಡ ಬಾಯಿ ಹಾಕಿದ. ಅವಳೂ ಹಾಗೇ. ಬೀದಿ ನಲ್ಲಿ ಮುಂದೆ ಇಬ್ಬರು ಗಯ್ಯಾಳಿಯರು ಕೊಡ ಹಿಡಿದು ನಿಂತಂತೆ ಮುಕ್ಕಾಲು ಗಂಟೆ ನಡೆಯಿತು. ಬಂದೂಕನ್ನು ಮೊಣಕಾಲ ಮೇಲಿಟ್ಟು, ಬಲಗಡೆಯ ಪೊದೆಯಿಂದ ಕಣ್ಣು ಕೀಳದೆ ಕೂತಿದ್ದ.

ಹಿಂದಿನಿಂದ ಭುಜದ ಮೇಲೆ ಕೈ ಬಿತ್ತು.

ಡೆಲ್ಮರನ ಜೀವ ಬಾಯಿಗೆ ಬಂತು. ತಿರುಗಿ ನೋಡಿದರೆ ಆರ್ವಿಲ್ ಸ್ಟೋಕ್ಸ್. ನಲವತ್ತು ವರ್ಷದ ಗೆಳೆಯ, ಮೂವತ್ತು ವರ್ಷದ ಪೈಪೋಟಿ. ಕುತ್ತಿಗೆಯಲ್ಲಿ ಉಜ್ಜಿದರೆ ಟರ್ಕಿಯಂತೆ ಕೂಗುವ ಮರದ ಡಬ್ಬಿ ನೇತಾಡುತ್ತಿತ್ತು.

"ಆ ಹೇಂಟೆ ನೀನೇನೋ?" ಎಂದ ಡೆಲ್ಮರ್.

"ನೀನೇ ನನ್ನ ಹೇಂಟೆ ಅನ್ಕೊಂಡು ತೆವಳ್ಕೊಂಡು ಬಂದೆ ಕಣೋ, ಮುಂಡೇದೇ! ಎದೆಯೆಲ್ಲ ಮುಳ್ಳು. ನನ್ನ ಹೆಂಡ್ತಿ ಕೂಡ ಇಷ್ಟು ಚೆನ್ನಾಗಿ ಬೈದಿಲ್ಲ ನಂಗೆ."

"ಭಾನುವಾರ ಚರ್ಚಲ್ಲಿರಬೇಕಾದೋನು ನೀನು."

"ಪಾದ್ರಿಗೆ ಸೊಂಟ ನೋವು ಅಂತ ಹೇಳಿ ಕಳ್ಸಿದೀನಿ. ಈಗ ನಿಜವಾಗ್ಲೂ ನೋಯ್ತಿದೆ."

ಡೆಲ್ಮರ್ ನಕ್ಕ. ಆರ್ವಿಲ್ ನಗಲಿಲ್ಲ. ಮುಖ ಸುಣ್ಣದಂತಿತ್ತು. ಕಾಡಿನಲ್ಲಿ ಇನ್ನೊಬ್ಬ ಬೇಟೆಗಾರ ಕಂಡರೆ ಕೈ ಆಡಿಸಬಾರದು, ಕದಲಬಾರದು. ಇದ್ದಲ್ಲೇ ನಿಂತು ಮಾತಾಡಿಸಬೇಕು. ಆಡುವ ಕೈಯನ್ನು ಹಕ್ಕಿ ಎಂದುಕೊಂಡು ಹೊಡೆದವರಿದ್ದಾರೆ.

"ಎಡಗಡೆ ಆ ಸೀಡರ್ ಮರದ ಹತ್ರ ನಿಂತು ಮೂರು ಸಲ ನಿನ್ ಹೆಸ್ರು ಹಿಡಿದು ಮಾತಾಡಿಸ್ದೆ. ನೀನು ಗೊಂಬೆ ಹಾಗೆ ಕೂತಿದ್ದೆ. ಎಲ್ಲಿ ಸತ್ತೇಹೋದ್ಯೋ ಅಂದ್ಕೊಂಡೆ ಮಾರಾಯ."

ಡೆಲ್ಮರ್ ಪೀಪಿಯನ್ನು ಉಜ್ಜುತ್ತಾ ಕೂತ. ಸುಳ್ಳು ಹುಡುಕುವಷ್ಟು ತ್ರಾಣ ಉಳಿದಿರಲಿಲ್ಲ.

"ಎಡಗಿವಿ ಹೋಯ್ತು" ಎಂದ. "ಕ್ರಿಸ್‌ಮಸ್ ಹಿಂದೆ ಮುಂದೆ."

"ಓಪಲ್‌ಗೆ?"

"ಗೊತ್ತಿಲ್ಲ."

ಆರ್ವಿಲ್ ಏನೋ ಹೇಳಲು ಬಾಯಿ ತೆರೆದವನು ಅಲ್ಲೇ ನಿಲ್ಲಿಸಿದ. ಬೆರಳೆತ್ತಿದ. ಡೆಲ್ಮರನಿಗೂ ಕೇಳಿಸಿತು: ಗಳಗಳಗಳ. ಬಲಕ್ಕೆ ತಿರುಗಿದ. ಆರ್ವಿಲ್ ಅವನ ಗಲ್ಲ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದ. ಆಮೇಲೆ ಅವನ ಎಡಗಡೆಗೇ ಕೂತು, "ನೀನು ಕೂಗು. ನಾನು ಕೇಳಿಸ್ಕೋತೀನಿ" ಎಂದ.

ಡೆಲ್ಮರ್ ಕೂಗಿದ. ಹುಂಜ ಜರುಗಿದಂತೆಲ್ಲ ಆರ್ವಿಲ್ ಅವನ ಮೊಣಕಾಲು ತಟ್ಟುತ್ತಿದ್ದ: ಎಡಕ್ಕಾದರೆ ಎಡಗಾಲು, ಬಲಕ್ಕಾದರೆ ಬಲಗಾಲು. ಹನ್ನೆರಡೂವರೆ ದಾಟಿತು. ಹಳೆಯ ತಂತಿಬೇಲಿಯ ಆಚೆ ಕೆಂಪು ತಲೆ ಕಾಣಿಸಿತು. ಬೀಸಣಿಗೆಯಂತೆ ಬಾಲ ಬಿಚ್ಚಿ, ಮದುವೆ ಗಂಡಿನ ಹಾಗೆ ಬೇಲಿಗುಂಟ ಅತ್ತಿಂದಿತ್ತ ನಡೆಯಿತು. ಅರವತ್ತು ಗಜ. ಗುಂಡು ಮುಟ್ಟದ ದೂರ. ಹಾರಿದರೆ ಒಂದೇ ನೆಗೆತ, ಹಾರಲಿಲ್ಲ. ಹೇಂಟೆಯೇ ತನ್ನಲ್ಲಿಗೆ ಬರಲಿ ಎಂಬ ಜಂಬ ಅದಕ್ಕೆ.

ಆರ್ವಿಲ್ ಗಡಿಯಾರ ತೋರಿಸಿದ. ಒಂದು ಗಂಟೆ. ಇಬ್ಬರೂ ಬಂದೂಕಿನಿಂದ ತೋಟಾ ತೆಗೆದರು. ಆ ಸದ್ದಿಗೂ ಬೆದರದೆ ಹುಂಜ ಕೊರಳು ಚಾಚಿ ಮತ್ತೊಮ್ಮೆ ಕೂಗಿತು.

"ನಗ್ತಿದೆ ನನ್ಮಗಂದು" ಎಂದ ಆರ್ವಿಲ್. "ಬರೋ ವರ್ಷಾನೂ ಇಲ್ಲೇ ಇರತ್ತೆ ಬಿಡು. ಬರ್ತೀಯಾ ನನ್ ಜೊತೆ?"

"ಒಬ್ಬನೇ ಅಂತೂ ಬರಲ್ಲ" ಎಂದ ಡೆಲ್ಮರ್. ಹೇಳಿದ ಮೇಲೆ ಏಳಲು ಅವನಿಗೆ ಆರ್ವಿಲನ ಕೈ ಬೇಕಾಯಿತು.

ಮನೆಯಲ್ಲಿ ಓಪಲ್ ಚರ್ಚಿನಿಂದ ಬಂದು, ಬೀನ್ಸ್ ಬೇಯಿಸಿ, ಜೋಳದ ರೊಟ್ಟಿ ಮುಚ್ಚಿಟ್ಟಿದ್ದಳು. ಬೂಟು ಬಿಚ್ಚುವ ಮೊದಲೇ ಡೆಲ್ಮರ್ ಹೇಳಿಬಿಟ್ಟ. ಅವಳು ಸೌಟು ಹಿಡಿದೇ ಅವನತ್ತ ತಿರುಗಿದಳು.

"ಎಡಗಡೇದಾ? ನಾನು ಮಲಗೋ ಕಡೇದಾ?"

"ಹೂಂ."

"ಅಲ್ಲ ಡೆಲ್ಮರ್, ಇಷ್ಟು ತಿಂಗ್ಳು ನಾನು ದಿಂಬಿಗೆ ಹೇಳ್ತಿದ್ನಾ ಎಲ್ಲಾನೂ? ನೀನು ಬೇಕಂತ ಸುಮ್ನಿರ್ತೀಯ ಅಂತ ನಾನು ಎಷ್ಟು ಅತ್ತಿದೀನಿ ಗೊತ್ತಾ?"

"ಏನೇನ್ ಹೇಳ್ದೆ?"

"ಹೋಗು, ಈಗ ನೆನಪಿದ್ಯಾ ನಂಗೆ" ಎಂದು ಮುಖ ತಿರುಗಿಸಿ ತಟ್ಟೆಗೆ ಬೀನ್ಸ್ ಬಡಿಸಿದಳು. ಒಂದು ಸೌಟು ಜಾಸ್ತಿಯೇ ಬಿತ್ತು.

ಉಂಡು, ಪೀಪಿಯನ್ನು ಮೊಳೆಗೆ ತೂಗುಹಾಕಿ, ಡೆಲ್ಮರ್ ಹಾಸಿಗೆಗೆ ಹೋದ. ಹಗಲು ಮಲಗುವವನು ಅವನು; ಚಳಿಗಾಲದಿಂದ ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗುವುದು ರೂಢಿ. ಹಾಗೆ ಮಲಗಿದರೆ ಲೋಕವೇ ಮೌನ, ನಿದ್ದೆ ತಾನಾಗಿ ಬರುತ್ತಿತ್ತು. ಅವತ್ತೂ ಹಾಗೇ ಒರಗಿದ. ಸ್ವಲ್ಪ ಹೊತ್ತಿಗೆ ಹಾಸಿಗೆಯ ಅಂಚು ತಗ್ಗಿತು. ಓಪಲ್ ಬಂದು ಕೂತಿದ್ದಳು.

ಕಣ್ಣು ತೆರೆಯಲಿಲ್ಲ ಅವನು. ಮಗ್ಗುಲು ಬದಲಿಸಿ, ಬಲಗಿವಿ ಮೇಲೆ ಮಾಡಿ ಮಲಗಿದ.