ಪಾವ್ಲಿನ್‌ಬಾಯಿಯ ಸಿಂಪಿ

ಪಾವ್ಲಿನ್‌ಬಾಯಿ ಹಿಟ್ಟನ್ನು ಲಟ್ಟಿಸುತ್ತಿರಲಿಲ್ಲ, ಎಳೆಯುತ್ತಿದ್ದರು. ಸಾಮಿಲ್ಲಿನವರು ಬೇಡವೆಂದು ಬಿಟ್ಟ ಸಾಗವಾನಿ ಹಲಗೆ ಜೋಡಿಸಿ ಮಾಡಿದ ಉದ್ದನೆಯ ಮೇಜು. ಆ ತುದಿಗೆ ಅವರು, ಈ ತುದಿಗೆ ನಾನು. ಎಳೆದೂ ಎಳೆದೂ ಹಿಟ್ಟಿನ ಪಟ್ಟಿ ಎಷ್ಟು ತೆಳ್ಳಗಾಗುತ್ತಿತ್ತೆಂದರೆ ಕೆಳಗಿನ ಕಟ್ಟಿಗೆಯ ಎಳೆಗಳು ಕಾಣುತ್ತಿದ್ದವು. ಆಗ ಮಾತಾಡುವಂತಿಲ್ಲ, ಸೀನುವಂತಂತೂ ಇಲ್ಲವೇ ಇಲ್ಲ. ಎಲ್ಲಾದರೂ ಹರಿದರೆ ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಪಡುವಣ ಕಿಟಕಿಯತ್ತ ನೋಡುತ್ತಿದ್ದರು. ಯಾಕೆ ಎಂದರೆ, "ಏನಿಲ್ಲ, ನೀ ಎಳಿ" ಎನ್ನುತ್ತಿದ್ದರು.

ದಾಂಡೇಲಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ನನ್ನ ಗಂಡ ಕಟ್ಟಿಗೆ ಡಿಪೋದಲ್ಲಿ ಕಾರಕೂನರು. ನಾನು ಇದೇ ಜಿಲ್ಲೆಯ ಇಂದೂರು ಎಂಬ ಹಳ್ಳಿಯಿಂದ ಮದುವೆಯಾಗಿ ಬಂದ ಹತ್ತೊಂಬತ್ತರ ಹುಡುಗಿ. ಬಾಯಿ ಗೋವಾದವರು, ಗಂಡನನ್ನು ಕಳೆದುಕೊಂಡವರು, ಕಾಗದದ ಮಿಲ್ಲಿನ ಕಾಲೊನಿಯಾದ ಬಂಗೂರನಗರದ ಸಾಹೇಬರೊಬ್ಬರ ಮನೆಯಲ್ಲಿ ಅಡುಗೆ ಮಾಡುತ್ತಿದ್ದರು. ಹರೆಯದಲ್ಲಿ ಅವರು ಮುಂಬಯಿಯಲ್ಲಿ ಒಂದು ಇಟಲಿ ಕುಟುಂಬದ ಚಾಕರಿಯಲ್ಲಿದ್ದರಂತೆ. ಯುದ್ಧ ಬಂದಾಗ ಶತ್ರುದೇಶದವರೆಂದು ಆ ಗಂಡಹೆಂಡಿರನ್ನು ಸರಕಾರ ಕ್ಯಾಂಪಿಗೆ ಒಯ್ದಿತು. ಬಾಯಿಗೆ ಉಳಿದದ್ದು ಆ ಹೆಂಗಸು ಕಲಿಸಿದ ತಿಂಡಿಯೊಂದೇ. ಅದರ ಹೆಸರು ಸ್ಫೋಲ್ಯಾತೆಲ್ಲಾ. ನಮ್ಮ ಚಾಳಿನಲ್ಲಿ ಯಾರ ನಾಲಿಗೆಯೂ ಹೊರಳದೆ ಎಲ್ಲರೂ 'ಸಿಂಪಿ' ಎಂದೇ ಕರೆದರು. ನೋಡುವುದಕ್ಕೂ ಅದು ಕಾಳಿ ಹೊಳೆಯ ಸಿಂಪಿಯ ಚಿಪ್ಪಿನ ಹಾಗೆಯೇ ಇರುತ್ತಿತ್ತು, ಗೆರೆಗೆರೆಯಾಗಿ.

ಚಿರೋಟಿ ಮಾಡಬಲ್ಲವಳಿಗೆ ಇದೇನು ಮಹಾ ಎಂದು ನಾನು ಮೊದಲು ಜಂಬ ಕೊಚ್ಚಿದ್ದೆ. ಎಳೆದ ಪಟ್ಟಿಗೆ ಕೊಬ್ಬು ಸವರಿ, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ ಒಂದು ದಿನ ಪೂರ್ತಿ ಇಡಬೇಕು. ಮರುದಿನ ಆ ಸುರುಳಿಯನ್ನು ಬಿಲ್ಲೆಗಳಾಗಿ ಕೊಯ್ದು, ಹೆಬ್ಬೆರಳಿನಿಂದ ಒತ್ತಿ ಬಾಯಿ ತೆರೆಸಿ, ಹೂರಣ ತುಂಬಬೇಕು. ಬೇಯಿಸಿದ ರವೆ, ಹಾಲು ಒಡೆಸಿ ಕಟ್ಟಿದ ಗಟ್ಟಿ, ಸಕ್ಕರೆಯಲ್ಲಿ ಕುದಿಸಿದ ಕಿತ್ತಳೆ ಸಿಪ್ಪೆ, ಜೋಯಿಡಾ ಕಾಡಿನ ದಾಲ್ಚಿನ್ನಿ, ಇಷ್ಟು ಅದರ ಹೂರಣ. ಆಮೇಲೆ ತಗಡಿನ ಪೆಟ್ಟಿಗೆಯಲ್ಲಿಟ್ಟು ಮೇಲೂ ಕೆಳಗೂ ಕೆಂಡ. ಇಟಲಿಯವರು ಸವರುವುದು ಹಂದಿಯ ಕೊಬ್ಬು. ನಮ್ಮದು ಲಿಂಗ ಕಟ್ಟಿದ ಮನೆಯಾದ್ದರಿಂದ ನಮ್ಮ ಪಾಲಿನದಕ್ಕೆ ನಮ್ಮದೇ ತುಪ್ಪ, ನಮ್ಮದೇ ಪರಾತ. "ನಿಮ್ಮ ಅತ್ತಿ ಬಂದು ಮೂಸಿ ನೋಡ್ಲಿ ಬೇಕಾದ್ರ" ಎನ್ನುತ್ತಿದ್ದರು ಬಾಯಿ.

ನನಗೆ ಹುಟ್ಟಾ ಗಡಿಬಿಡಿ. ಕೂತಲ್ಲಿ ಕೂರದವಳು, ಅನ್ನ ಅರಳುವ ಮೊದಲೇ ಬಸಿಯುವವಳು. ಒಮ್ಮೆ ಬಾಯಿ ಕೆಲಸಕ್ಕೆ ಹೋದಾಗ, ಬೆಳಿಗ್ಗೆ ಸುತ್ತಿದ ಸುರುಳಿಯನ್ನು ಮಧ್ಯಾಹ್ನಕ್ಕೇ ಕೊಯ್ದು ಬೇಯಿಸಿಬಿಟ್ಟೆ. ಪದರು ಒಂದೂ ಬಿಚ್ಚಲಿಲ್ಲ, ಹೂರಣ ಹೊರಗೆ ಬಂದು ಕರಕಲಾಯಿತು. ಬಾಯಿ ಬಂದು ಒಂದನ್ನು ಎತ್ತಿ ಮೇಜಿಗೆ ಕುಟ್ಟಿದರು, ಟಕಟಕ ಎಂದಿತು.

"ನಿನ್ನ ಗಂಡನ ಚಪ್ಪಲಿಗೆ ಹಿಮ್ಮಡ ಹಚ್ಚಸು ಇದನ್ನ. ಎಷ್ಟ್ ಸಲ ಹೇಳ್ಲಿ ಗಿರ್ಜಾ? ಹಿಟ್ಟಿಗೂ ನಿದ್ದಿ ಬೇಕವ್ವಾ. ಇವತ್ತ ಸುತ್ತಿದ್ದು ನಾಳೆ ಕೊಯ್ಯೂದು. ನಾ ಈ ಕೆಲಸಾ ಮಾಡಾಕ ಹತ್ತಿ ಇಪ್ಪತ್ತೆರಡು ವರ್ಷ ಆತು, ಒಂದ್ ದಿನಾನೂ ಗಡಿಬಿಡಿ ಮಾಡಿಲ್ಲ."

ಬೈದ ಮೇಲೆ ಅದರಲ್ಲೇ ಎರಡನ್ನು ಚಹಾದಲ್ಲಿ ಅದ್ದಿ ತಿಂದರು. ಅಂಥವರು.

ಆದರೆ ಸಿಂಪಿ ಮಾಡುತ್ತಿದ್ದದ್ದು ನಮಗಾಗಿ ಅಲ್ಲ, ಮಗಳು ಲೂಸಿಗಾಗಿ. ಎಂಟು ವರ್ಷದವರೆಗೆ ದಾಂಡೇಲಿಯಲ್ಲೇ ಬೆಳೆದ ಲೂಸಿ ಒಂದು ರಜೆಯಲ್ಲಿ ಗೋವಾದ ಅಜ್ಜಿಯ ಮನೆಗೆ ಹೋಗಿದ್ದಳು. ಅದೇ ವರ್ಷ ಗೋವಾದ ಗಡಿ ಮುಚ್ಚಿತು. ಆಚೆ ಪೋರ್ತುಗೀಸರ ಪೊಲೀಸು, ಈಚೆ ನಮ್ಮವರು. ಹುಡುಗಿಯನ್ನು ಕಾಡುದಾರಿಯಲ್ಲಿ ಕಳಿಸಲು ಅಜ್ಜಿಗೆ ಧೈರ್ಯವಿಲ್ಲ. ಆರು ವರ್ಷ ಹಾಗೆಯೇ ಹೋಯಿತು. ಪ್ರತಿ ಡಿಸೆಂಬರಿನಲ್ಲಿ ಜೋಯಿಡಾ ಕಡೆಯ ಧಾಕು ಎಂಬ ಕುಣಬಿ ಬುಡಕಟ್ಟಿನ ಮನುಷ್ಯ ಸಿಂಪಿಯ ಗಂಟನ್ನು ಹೊತ್ತು ಪಡುವಣ ಘಟ್ಟ ಇಳಿದು ಗೋವಾಕ್ಕೆ ಹೋಗುತ್ತಿದ್ದ. ವಾರದ ಮೇಲೆ ಅದೇ ಬಟ್ಟೆಯಲ್ಲಿ ಲೂಸಿಯ ಕಾಗದ ಬರುತ್ತಿತ್ತು. ಬಾಯಿ ಅದನ್ನು ಓದುವಾಗ ನಾನು ಸುಮ್ಮನೆ ಹೊರಗೆ ಹೋಗುತ್ತಿದ್ದೆ.

ಅರವತ್ತೊಂದರ ಡಿಸೆಂಬರಿನಲ್ಲಿ ಧಾಕು ಗಂಟನ್ನು ಬಿಚ್ಚದೆಯೇ ವಾಪಸು ತಂದ.

"ಮನಿಗಿ ಕೀಲಿ ಐತಿ ಬಾಯಿ. ಬಾಜೂಕ ಕೇಳೂಣು ಅಂದ್ರ ಯಾರೂ ಬಾಗಲಾ ತಗೀವಲ್ರು. ಊರಾಗ ನಾಯಿ ಸೈತ ಬೊಗಳಾಂಗಿಲ್ಲ."

ಬಾಯಿ ಗಂಟು ಬಿಚ್ಚಿ, ಸಿಂಪಿಗಳನ್ನು ತಾಟಿನಲ್ಲಿ ಜೋಡಿಸಿ, ಅವುಗಳ ಮುಂದೆ ಕೂತರು. ಕೊನೆಗೆ ಧಾಕುವಿಗೆ, "ಇನ್ನೊಮ್ಮೆ ಹೋಗು. ಚರ್ಚಿನ ಪಾದ್ರಿನ್ನ ಕೇಳು" ಎಂದರು. ಅವನು ಹೊರಟ.

ಆ ದಿನಗಳಲ್ಲೇ ಅಳ್ನಾವರದ ರೈಲು ಇದ್ದಕ್ಕಿದ್ದಂತೆ ನಿಂತಿತು. ಮಿಲಿಟರಿ ಲಾರಿಗಳು ಗೋವಾದತ್ತ ಸಾಲುಗಟ್ಟಿ ಹೋಗುತ್ತಿವೆಯೆಂದು ಬೆಳಗಾವಿಯಿಂದ ಬಂದವರು ಹೇಳಿದರು. ಸಂತೆಯಲ್ಲಿ ಸೀಮೆಎಣ್ಣೆ ಸಿಗದಾಯಿತು. ಡಿಪೋದ ಕೂಲಿಗಳು ಕಾಡಿಗೆ ಹೋಗಲು ಒಲ್ಲೆವೆಂದರು. ಬಾಯಿ ಮಾತ್ರ ಎಂದಿನಂತೆ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಐದನೆಯ ದಿನ ಬೆಳಿಗ್ಗೆ ನನ್ನನ್ನು ಕರೆದು, "ಬಾ, ಹಿಟ್ಟ ಎಳಿಯೂಣು" ಎಂದರು. ನಾಳೆಯವರೆಗೆ ಧಾಕುವಿನ ದಾರಿ ನೋಡುವುದು, ಬಾರದಿದ್ದರೆ ಹೊಸ ಸಿಂಪಿ ಕಟ್ಟಿಕೊಂಡು ತಾವೇ ಹೋಗುವುದು ಅವರ ಲೆಕ್ಕ. ಅಂದು ಹಿಟ್ಟು ಎಲ್ಲಿಯೂ ಹರಿಯಲಿಲ್ಲ. ಸುರುಳಿ ಸುತ್ತಿ ಬಟ್ಟೆ ಹೊದಿಸಿದೆವು.

ಹತ್ತು ಗಂಟೆಗೆ ನನ್ನ ಗಂಡ ಓಡಿಬಂದರು. ಗೋವಾ ದಾರಿಯ ಜೋಯಿಡಾಕ್ಕೆ ಕಟ್ಟಿಗೆ ಲಾರಿ ಈಗ ಹೊರಟಿದೆ, ನಾಳೆಯಿಂದ ಯಾವ ಲಾರಿಯನ್ನೂ ಬಿಡುವುದಿಲ್ಲವಂತೆ ಎಂದರು. ಬಾಯಿ ಮೇಜಿನತ್ತ ನೋಡಿದರು.

"ಧಾಕು ನಾಳೆ ಬಂದಾನು. ಹಿಟ್ಟೂ ಈಗಷ್ಟ ಮಲಗೈತಿ."

"ಹಿಟ್ಟು ಮಲಗ್ಲಿ ಬಿಡ್ರಿ, ನೀವು ಏಳ್ರಿ!" ಎಂದೆ ನಾನು. "ಕೂಸು ಎಲ್ಲೈತೋ ಏನೋ, ನೀವು ತಿಂಡಿ ಕಾಯಕೋತ ಕುಂಡ್ರತೀರೇನು?"

ಆ ಕೊನೆಯ ಮಾತು ಅವರಿಗೆ ನಾಟಿತು. ಮುಖ ಕಪ್ಪಿಟ್ಟಿತು. ಸೆರಗು ಬಿಗಿದುಕೊಂಡು ಎದ್ದರು. ಅವರ ಚೀಲಕ್ಕೆ ನಾನೇ ಎರಡು ರೊಟ್ಟಿ ತುರುಕಿದೆ, ನಾನೇ ಕೈ ಹಿಡಿದು ಲಾರಿ ಹತ್ತಿಸಿದೆ. "ಬಟ್ಟಿ ಒಣಗದಂಗ ನೋಡಕೋ, ಬರ್ತೇನಿ" ಎಂದರು. ಲಾರಿ ಹೊರಟಿತು.

ಮರುದಿನ ಊಟದ ಹೊತ್ತಿಗೆ ಧಾಕು ಬಂದ. ಬೇರೆ ದಾರಿ ಹಿಡಿದು, ಅಣಶಿಯ ಕಡೆಯಿಂದ ಘಟ್ಟ ಹತ್ತಿದ್ದ. ಕಾಲೆಲ್ಲ ಮುಳ್ಳು ಗೀರಿದ್ದವು, ಮುಖದಲ್ಲಿ ನಗು. "ಪೋರಿ ಮಡಗಾಂವದಾಗ ಚರ್ಚಿನ ಸಿಸ್ಟರ್‌ಗೋಳ ಕಡೆ ಐತಿ, ಅಜ್ಜೀನೂ ಅಲ್ಲೇ. ಬಾಯಿ ಬರೂದು ಬ್ಯಾಡಂತ ಹೇಳ್ಯಾರ. ಬಾಯಿ ಎಲ್ಲಿ?"

ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ. ಕೂಸಿನ ಸುದ್ದಿ ಕಾಯುತ್ತ ಒಂದು ದಿನ ಕೂರಬೇಕೆಂದವರನ್ನು ಎಬ್ಬಿಸಿ ಕಳಿಸಿದವಳು ನಾನು.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಎರಡೇ ದಿನದಲ್ಲಿ ಗೋವಾ ಬಿಡುಗಡೆಯಾಯಿತು, ದಾಂಡೇಲಿಯಲ್ಲಿ ಪೇಢೆ ಹಂಚಿದರು. ನಮ್ಮ ಮನೆಗೂ ಬಂದ ಪೇಢೆಯನ್ನು ನಾನು ಮುಟ್ಟಲಿಲ್ಲ. ಧಾಕು ಮೂರು ಸಲ ಹುಡುಕಿಕೊಂಡು ಹೋದ. ಘಟ್ಟದ ಅಂಚಿನಲ್ಲಿ ಒಬ್ಬಳು ಸೌದೆಯ ಹೆಂಗಸು ಬಾಯಿಯನ್ನು ಕಂಡಿದ್ದಳಂತೆ, ನೀರು ಕೇಳಿ ಕುಡಿದು ಕೆಳಗೆ ಇಳಿದರಂತೆ. ಅದರ ಕೆಳಗಿನ ಕಾಲುಸಂಕಕ್ಕೆ ಪೋರ್ತುಗೀಸರು ಸಿಡಿಮದ್ದು ಹುಗಿದಿದ್ದರು ಎಂದು ಕೆಲವರು, ಅಲ್ಲ, ಹೊಳೆಯೇ ಒಯ್ದಿತು ಎಂದು ಕೆಲವರು. ಒಂದು ಚಪ್ಪಲಿಯೂ ಸಿಗಲಿಲ್ಲ. ಮೂರು ದಿನ ಬಟ್ಟೆಗೆ ನೀರು ಚಿಮುಕಿಸಿದ ನಂತರ ಸುರುಳಿ ಹುಳಿ ವಾಸನೆ ಹೊಡೆಯಿತು, ಎಮ್ಮೆಗೆ ಹಾಕಿದೆ.

ಜನವರಿಯ ಕೊನೆಗೆ ಲೂಸಿ ಬಂದಳು. ಹದಿನಾಲ್ಕು ವರ್ಷ, ತಾಯಿಯದೇ ಅಗಲ ಹಣೆ, ಅದೇ ಹೆಬ್ಬೆರಳು. ಮರೆತುಹೋಗುತ್ತಿದ್ದ ಕನ್ನಡದಲ್ಲಿ ತಡವರಿಸುತ್ತ ಎಲ್ಲವನ್ನೂ ಕೇಳಿದಳು. ಯಾವ ಲಾರಿ, ಯಾವ ಸೀರೆ, ಬುತ್ತಿ ಇತ್ತೋ ಇಲ್ಲವೋ, ಧಾಕು ಬಂದದ್ದು ಯಾವಾಗ. ಹೇಳಿದೆ. ಕೊನೆಗೆ ಕೇಳಿದಳು:

"ಅವ್ವಗ ಹೋಗು ಅಂತ ಯಾರ್ ಅಂದ್ರು?"

"ಯಾರೂ ಅನ್ನಲಿಲ್ಲವ್ವಾ. ತಾವ ಹೊಂಟ್ರು" ಎಂದೆ.

ಲೂಸಿ ಬಹಳ ಹೊತ್ತು ಆ ಉದ್ದನೆಯ ಮೇಜಿನ ಮೇಲೆ ಕೈಯಾಡಿಸಿದಳು. ಆಮೇಲೆ ಒಮ್ಮೆಲೇ ಸಿಟ್ಟಿನಿಂದ, ಅಳುತ್ತ, "ಒಂದ್ ದಿನ ಕುಂಡ್ರಾಕ ಆಗಲಿಲ್ಲೇನು ಆಕಿಗೆ? ಎಂಥಾ ಗಡಿಬಿಡಿ ಹೆಂಗಸು!" ಎಂದಳು.

ನಾನು ಹೌದೆಂಬಂತೆ ತಲೆಯಾಡಿಸಿದೆ.